ಟೈಲ್ಸ್ ಹಿಂದೆ, ಮಾಲು ಮುಂದೆ

ಒಂದೂರು. ಹೆಸರು ಹೇಳಿದರೆ ಆ ಊರಿನವರು ಬೇಜಾರು ಮಾಡಿಕೊಳ್ಳುತ್ತಾರೆ, ಬೇಡ ಬಿಡಿ. ಹೆದ್ದಾರಿ ಪಕ್ಕದ ಊರು. ಒಂದು ಪೆಟ್ರೋಲ್ ಬಂಕು, ಒಂದು ತಟ್ಟೆ ಇಡ್ಲಿ ಹೋಟ್ಲು, ಸಾಲಾಗಿ ಏಳು ಟೈಲ್ಸ್ ಅಂಗಡಿ. ಆ ಏಳರಲ್ಲಿ ಕೊನೇ ಅಂಗಡಿಯ ಕಸ ಗುಡಿಸುವವಳು ದೇವೀರಮ್ಮ. ದೇವೀರಮ್ಮನಿಗೆ ಒಬ್ಬನೇ ಮಗ, ಗವಿರಂಗ.

ಗವಿರಂಗನಿಗೆ ಮೂವತ್ತೆರಡು ವರ್ಷ. ಒಳ್ಳೆಯವನು. ಕುಡಿಯುವುದಿಲ್ಲ, ಕದಿಯುವುದಿಲ್ಲ, ಹೇಳಿದ ಮಾತು ಮೀರುವುದಿಲ್ಲ. ಆ ಮೂರನೆಯದೇ ಅವನ ರೋಗ. 'ಹಾಲು ಉಕ್ಕತ್ತೆ, ನೋಡ್ತಿರು' ಅಂದರೆ ನೋಡುತ್ತಾ ನಿಲ್ಲುತ್ತಿದ್ದ. ಹಾಲೆಲ್ಲ ಒಲೆಗೆ ಹೋದ ಮೇಲೆ, 'ಉಕ್ತು ಕಣವ್ವ, ನೋಡ್ದೆ' ಅನ್ನುತ್ತಿದ್ದ.

ದೇವೀರಮ್ಮನಿಗೂ ಒಂದು ರೋಗವಿತ್ತು. ಕೆಮ್ಮು. ಇಪ್ಪತ್ತೆರಡು ವರ್ಷ ಟೈಲ್ಸ್ ಕೊಯ್ಯುವ ಮಿಷನ್ನಿನ ಕೆಳಗೆ ಗುಡಿಸಿ ಗುಡಿಸಿ ಬಂದ ಕೆಮ್ಮು. ದೊಡ್ಡಾಸ್ಪತ್ರೆಯ ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿ, ಕಿಟಕಿ ಬೆಳಕಿಗೆ ಹಿಡಿದು, "ಧೂಳು ಕೂತಿದೆ ತಾಯಿ. ಇದನ್ನ ಗುಡಿಸಕ್ಕಾಗಲ್ಲ" ಅಂದರು. ಅವಳು ಆ ಎಕ್ಸ್‌ರೇಯನ್ನು ಸುರುಳಿ ಸುತ್ತಿ ಸೀರೆಯೊಳಗೆ ಇಟ್ಟುಕೊಂಡು ಮನೆಗೆ ಬಂದಳು. ಹೊತ್ತು ಕಡಿಮೆ ಅಂತ ಅವಳಿಗೆ ಗೊತ್ತಾಯಿತು. ನಾನು ಹೋಗುವುದರೊಳಗೆ ಇವನ ಕೈಗೊಂದು ಕಸುಬು ಹತ್ತಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಕಸುಬು ಹಿಂದಿನ ಬೀದಿಯಲ್ಲೇ ಸಿಕ್ಕಿತು. ಅಲ್ಲಿನ ಹೆಂಗಸರು ಮನೆಯಲ್ಲಿ ಅದೂ ಇದೂ ಮಾಡಿ, ಫೋನಿನ ಗುಂಪಿನಲ್ಲಿ ಫೋಟೊ ಹಾಕಿ ಮಾರುತ್ತಿದ್ದರು. ಗುಂಪಿನ ಯಜಮಾನಿ ಸುಮಿತ್ರಕ್ಕ.

"ಯಾರೂ ಕೇಳ್ತಾನೇ ಇಲ್ಲ ದೇವೀರಮ್ಮ. ಚಟ್ನಿಪುಡಿ ಫೋಟೊ ತೆಗದ್ರೆ ಹಿಂದುಗಡೆ ನಮ್ಮೆಜಮಾನ್ರ ಬನಿಯನ್ ನೇತಾಡ್ತಿರುತ್ತೆ. ಯಾರಿಗೆ ತಿನ್ನಬೇಕು ಅನ್ಸತ್ತೆ ಹೇಳು."

"ಟೈಲ್ಸ್ ಇಡಿ ಅಕ್ಕಾ. ನಮ್ಮಂಗಡಿ ಹಿಂದೆ ಮೂಲೆ ಒಡೆದ ಸ್ಯಾಂಪಲ್ ರಾಶಿ ಬಿದ್ದದೆ. ಕೆಳಗೊಂದು, ಹಿಂದೊಂದು ಇಟ್ಟು ತೆಗದ್ರೆ ಯಾವ ಅರಮನೇಲಿ ತೆಗ್ದಿದ್ದೋ ಅನ್ಬೇಕು. ನಮ್ ಗವಿರಂಗ ತೆಗೀತಾನೆ."

ಅಂಗಡಿ ಸಾಹುಕಾರರು ತಗೊಂಡು ಹೋಗು ಅಂದರು. ಸುಮಿತ್ರಕ್ಕ ತನ್ನ ಹಳೇ ಫೋನು ಕೊಟ್ಟಳು, ಜೊತೆಗೆ ಒಂದು ಬಾಟ್ಲಿ ಚಟ್ನಿಪುಡಿ. ದೇವೀರಮ್ಮ ಮಗನ ಕೈಗೆ ಎಲ್ಲ ಇಟ್ಟು ಹೇಳಿದಳು: "ನೋಡು ಮಗ, ಟೈಲ್ಸ್ ಚೆನ್ನಾಗಿ ಕಾಣ್ಬೇಕು. ಒಡೆದ ಮೂಲೆ ಕಾಣ್ಬಾರ್ದು."

"ಹೂಂ ಕಣವ್ವ, ಹಂಗೇ ಮಾಡ್ತೀನಿ."

ಟೈಲ್ಸ್ ತಂದ, ತೊಳೆದ, ಒರೆಸಿದ. ಹಿಂದೊಂದು ನಿಲ್ಲಿಸಿದ, ಕೆಳಗೊಂದು ಹಾಸಿದ, ಬಾಟ್ಲಿ ಇಟ್ಟ. ಫೋನಲ್ಲಿ ನೋಡಿದ. ಟೈಲ್ಸ್ ಚೆನ್ನಾಗಿ ಕಾಣಬೇಕು ಅಂದಿದ್ದಾಳೆ ಅವ್ವ. ಈ ಬಾಟ್ಲಿ ಅಡ್ಡ ಬರುತ್ತಿದೆ! ಬಾಟ್ಲಿಯನ್ನು ಅತ್ತ ಇಟ್ಟ. ಫೋಟೊ ತೆಗೆದ. ಗುಂಪಿಗೆ ಹಾಕಿದ. 'ಮನೆಯಲ್ಲೇ ಕುಟ್ಟಿದ ಚಟ್ನಿಪುಡಿ' ಅಂತ ಬರೆದಿದ್ದರ ಕೆಳಗೆ ಫಳಫಳ ಹೊಳೆಯುವ ಟೈಲ್ಸು, ಅದರೊಳಗೆ ಫೋನು ಹಿಡಿದು ಬಾಯಿ ತೆರೆದು ನಿಂತ ಗವಿರಂಗ.

ಮೂರು ಜನ ಫೋನು ಮಾಡಿದರು. ಮೂವರೂ ಕೇಳಿದ್ದು, "ಈ ಟೈಲ್ಸ್ ಹೆಂಗೆ ಕೊಡ್ತೀರಿ?"

ದೇವೀರಮ್ಮ ತಲೆ ಚಚ್ಚಿಕೊಂಡಳು. "ಅಯ್ಯೋ ನನ್ ಕರ್ಮವೇ! ಚಟ್ನಿಪುಡಿ ಎಲ್ಲೋ?"

"ಅಡ್ಡ ಬರ್ತಿತ್ತು ಕಣವ್ವ, ತೆಗ್ದಿಟ್ಟೆ."

"ಟೈಲ್ಸ್ ಹಿಂದೆ, ಮಾಲು ಮುಂದೆ! ಯಾರಾದ್ರೂ ಫೋನ್ ಮಾಡಿದ್ರೆ ಹೇಳು: ಟೈಲ್ಸ್ ಮಾರೋದಲ್ಲ, ಮುಂದಿರೋದು ಮಾರೋದು ಅಂತ. ಎಲ್ಲಿ, ಹೇಳು."

"ಟೈಲ್ಸ್ ಮಾರೋದಲ್ಲ, ಮುಂದಿರೋದು ಮಾರೋದು."

"ಹಾಂ. ಇನ್ನೊಂದು ಕೇಳು. ಹೊಳೆಯೋದು ಬೇಡ. ಹೊಳೆಯೋದ್ರಲ್ಲಿ ನಿನ್ ಮೂತಿ ಕಾಣತ್ತೆ. ನಿನ್ ಮೂತಿ ಯಾರಿಗ್ ಬೇಕು? ಫೋಟೊದಲ್ಲಿ ಹೊಳೆಯೋದು ಏನೂ ಇರ್ಬಾರ್ದು. ತಿಳೀತಾ?"

"ತಿಳೀತು ಕಣವ್ವ."

ತಿಳಿದದ್ದು ಏನು ಅಂತ ಮುಂದಿನ ವಾರ ಗೊತ್ತಾಯಿತು. ವಿಶಾಲಾಕ್ಷಿ ಟೀಚರು ಒಂದು ಜೊತೆ ಹಿತ್ತಾಳೆ ದೀಪ ಕಳಿಸಿದರು. ಹುಣಸೇಹಣ್ಣು ಹಾಕಿ ತಿಕ್ಕಿ ತಿಕ್ಕಿ ಚಿನ್ನದ ಹಾಗೆ ಮಾಡಿದ್ದ ದೀಪ. ಗವಿರಂಗ ಮಾಲು ಮುಂದಿಟ್ಟ, ಟೈಲ್ಸ್ ಹಿಂದಿಟ್ಟ, ಹೊಳೆಯದ ಟೈಲ್ಸನ್ನೇ ಹುಡುಕಿ ಇಟ್ಟ. ಅಲ್ಲಿಯತನಕ ಎಲ್ಲ ಸರಿ. ಆದರೆ ದೀಪ ಹೊಳೆಯುತ್ತಿತ್ತಲ್ಲ! ಅಂಗಡಿಗೆ ಹೋಗಿ ಉಪ್ಪುಕಾಗದ ತಂದ. ಕೂತು ಉಜ್ಜಿದ. ಊಟ ಬಿಟ್ಟು ಉಜ್ಜಿದ. ಸಂಜೆಯ ಹೊತ್ತಿಗೆ ಎರಡೂ ದೀಪ ಮಡಕೆ ಚೂರಿನ ಹಾಗೆ ಮಂಕಾದವು.

"ಈಗ ನನ್ ಮೂತಿ ಕಾಣಲ್ಲ ಕಣವ್ವ, ನೋಡು."

ಟೀಚರು ಅಳಲಿಲ್ಲ, ಕೂಗಲಿಲ್ಲ. "ಇದು ನಮ್ಮತ್ತೆಯ ದೀಪ. ಮಾದರಿಗೆ ಅಂತ ಕೊಟ್ಟಿದ್ದೆ" ಅಂದು ಸೆರಗಲ್ಲಿ ಸುತ್ತಿಕೊಂಡು ಹೋದರು. ಕೂಗಿದ್ದರೆ ಎಷ್ಟೋ ವಾಸಿಯಿತ್ತು.

"ಥೂ, ನಿನ್ನ ಬುದ್ಧಿಗಿಷ್ಟು!" ಅಂದಳು ದೇವೀರಮ್ಮ. ಅಂದು ಕೆಮ್ಮಿದಳು. ಕೆಮ್ಮಿ ಮುಗಿಸಿ ಮತ್ತೆ ಬೈದಳು. "ಮಾಲಿಗೆ ಕೈ ಹಚ್ಬಾರ್ದು ಕಣೋ! ಅದು ಹೆಂಗಿರತ್ತೋ ಹಂಗೇ ಇರ್ಲಿ. ಏನಾದ್ರೂ ಆಗ್ಲಿ, ನೀನು ಮಾತ್ರ ಕೈ ಹಚ್ಬೇಡ. ಫೋಟೊ ತೆಗಿ, ಬಾ. ತಿಳೀತಾ?"

"ತಿಳೀತು ಕಣವ್ವ. ಕೈ ಹಚ್ಚಲ್ಲ."

ಆಮೇಲೆ ಬಂದದ್ದು ಗೌರತ್ತೆಯ ಕೋಡುಬಳೆ. ಗಂಡ ಇಲ್ಲದ ಗೌರತ್ತೆ ಬಾಣಲೆ ಮುಂದೆ ಬೆಳಗಿಂದ ಕೂತು ಕರಿದದ್ದು. ಗವಿರಂಗ ಜಗುಲಿಯ ಮೇಲೆ ನೀಲಿ ಟೈಲ್ಸ್ ಹಾಸಿದ. ಗೌರತ್ತೆಯೇ ಕೋಡುಬಳೆ ಜೋಡಿಸಿಟ್ಟು ಒಳಗೆ ಹೋದಳು. ಎದುರು ಮನೆಯ ಮೇಕೆ ಬಂತು.

ಬಂದದ್ದನ್ನು ಗವಿರಂಗ ನೋಡಿದ. ಓಡಿಸಬೇಕು ಅನ್ನಿಸಿತು ಕೂಡ. ಆದರೆ ಏನಾದರೂ ಆಗಲಿ, ಕೈ ಹಚ್ಚಬೇಡ ಅಂದಿದ್ದಾಳಲ್ಲ ಅವ್ವ. ಎರಡೂ ಕೈಯಲ್ಲಿ ಫೋನು ಗಟ್ಟಿಯಾಗಿ ಹಿಡಿದು ಫೋಟೊ ತೆಗೆದ. ಮೊದಲ ಫೋಟೊದಲ್ಲಿ ಕೋಡುಬಳೆ ಮಾತ್ರ. ಎರಡನೆಯದರಲ್ಲಿ ಕೋಡುಬಳೆ ಮತ್ತು ಮೇಕೆಯ ಮೂಗು. ಐದನೆಯದರಲ್ಲಿ ಅರ್ಧ ಕೋಡುಬಳೆ, ಪೂರ್ತಿ ಮೇಕೆ. ಕೊನೆಯದರಲ್ಲಿ ಕೋಡುಬಳೆಯೇ ಇಲ್ಲ. ನೀಲಿ ಟೈಲ್ಸಿನ ಮೇಲೆ ಬಿಳೀ ಮೇಕೆ, ಬೆಳಕು ಚೆನ್ನಾಗಿ ಬಿದ್ದಿತ್ತು. ಅದನ್ನೇ ಗುಂಪಿಗೆ ಹಾಕಿದ. ಫೋನು ಬಂತು.

"ಏನಪ್ಪಾ, ಇದು ಮಾರೋದಾ?"

"ಟೈಲ್ಸ್ ಮಾರೋದಲ್ಲ, ಮುಂದಿರೋದು ಮಾರೋದು."

ಮಾರನೇ ದಿನ ಒಬ್ಬ ಹಗ್ಗ ಹಿಡಿದುಕೊಂಡು ಎದುರು ಮನೆಗೆ ಬಂದ. ಎದುರು ಮನೆಯವರು ಕೋಲು ಹಿಡಿದುಕೊಂಡು ದೇವೀರಮ್ಮನ ಮನೆಗೆ ಬಂದರು. ಗೌರತ್ತೆ ಬರಿಗೈಯಲ್ಲಿ ಬಂದು ಹೊಸಿಲ ಮೇಲೆ ಕೂತಳು.

"ಮೇಕೆ ತಿನ್ನೋವಾಗ ನೀನೇನ್ ಕಡಿತಿದ್ದೆಯೋ?" ಅಂತ ದೇವೀರಮ್ಮ ಕೇಳಿದಳು.

"ಫೋಟೊ ತೆಗೀತಿದ್ದೆ ಕಣವ್ವ. ಕೈ ಹಚ್ಚಲಿಲ್ಲ."

"ನಾನು ಹೋದ್ಮೇಲೆ ನಿನ್ ಗತಿ ಏನೋ! ಮಾಲಿನ ಹತ್ರ ಯಾರನ್ನೂ ಬಿಡ್ಬಾರ್ದು. ಮೇಕೆ ಬಿಡ್ಬಾರ್ದು, ನಾಯಿ ಬಿಡ್ಬಾರ್ದು, ಮನುಷ್ಯರನ್ನೂ ಬಿಡ್ಬಾರ್ದು. ಯಾರೂ ಹತ್ರ ಬರದ ಹಂಗೆ ಏನಾದ್ರೂ ಇಡು. ತಿಳೀತಾ?"

"ತಿಳೀತು ಕಣವ್ವ."

ಯಾರೂ ಹತ್ತಿರ ಬರದ ಹಾಗೆ ಏನು ಇಡಬೇಕು ಅಂತ ಗವಿರಂಗ ಎರಡು ದಿನ ಯೋಚಿಸಿದ. ಅವನು ಯೋಚನೆ ಮಾಡಿದ್ದು ಅದೇ ಮೊದಲು, ಅದೇ ತಪ್ಪಾಯಿತು. ಬಸ್ ಸ್ಟ್ಯಾಂಡಿನ ಕಾಂಪೌಂಡು ನೆನಪಾಯಿತು. ಗಂಡಸರು ಅಲ್ಲಿ ಗೋಡೆಗೆ ನೀರು ಬಿಡುತ್ತಿದ್ದರು. ದೇವರ ಟೈಲ್ಸ್ ಅಂಟಿಸಿದ ದಿನದಿಂದ ಒಬ್ಬನೂ ಹತ್ತಿರ ಸುಳಿಯುವುದಿಲ್ಲ. ಅಂಥದೇ ಒಂದು ಸ್ಯಾಂಪಲ್ ಅಂಗಡಿ ರಾಶಿಯಲ್ಲಿತ್ತು, ಒಂದೇ ಟೈಲ್ಸಿನಲ್ಲಿ ಓಂಕಾರ, ಶಿಲುಬೆ, ಅರ್ಧಚಂದ್ರ. ತಂದ, ತೊಳೆದ, ಒರೆಸಿದ.

ಆ ವಾರದ ಮಾಲು ಮೆಹಬೂಬಿಯ ಕಾಲೊರಸು. ಹಳೇ ಸೀರೆ ಹರಿದು, ಹೆಣೆದು ಮಾಡಿದ್ದು.

ಕಾಲೊರಸು ಮುಂದೆ, ಮೂರು ದೇವರು ಹಿಂದೆ. ಕೆಳಗೆ ಬರೆದಿದ್ದು: 'ಕಾಲು ಎಷ್ಟೇ ಗಲೀಜಿರಲಿ, ಒಂದೇ ಸಲಕ್ಕೆ ಕ್ಲೀನ್.'

ಆ ಊರಿನಲ್ಲಿ ಮೂರು ಧರ್ಮದವರು ಒಂದೇ ಬಾಗಿಲಿಗೆ ಒಟ್ಟಿಗೆ ಬಂದದ್ದು ಅದೇ ಮೊದಲು. ಮಸೀದಿ ಕಮಿಟಿಯವರು ಬಂದರು, ಭಜನೆಯವರು ಬಂದರು, ಇಡ್ಲಿ ಹೋಟ್ಲಿನ ಜೋಸೆಫಣ್ಣ ಸೌಟು ಹಿಡಿದುಕೊಂಡೇ ಬಂದ. ಪಾಪದ ಮೆಹಬೂಬಿ ಎಲ್ಲರಿಗಿಂತ ಮೊದಲು ಓಡಿ ಬಂದು ಕಾಲೊರಸು ಕಿತ್ತುಕೊಂಡು, "ನನಗೇನೂ ಗೊತ್ತಿಲ್ಲ ಅಣ್ಣಾ, ನನಗೇನೂ ಗೊತ್ತಿಲ್ಲ" ಅಂತ ಒಬ್ಬೊಬ್ಬರಿಗೂ ಹೇಳುತ್ತಿದ್ದಳು.

ದೇವೀರಮ್ಮ ಬೀದಿಗೆ ಬಂದು ಎಲ್ಲರಿಗೂ ಕೈ ಮುಗಿದಳು. "ಪೆದ್ದು ಮುಂಡೇದು, ಬಿಟ್ಟುಬಿಡ್ರಪ್ಪ. ನಾನು ಸತ್ಮೇಲೆ ಬೇಕಾದ್ರೆ ಹೊಡೀರಿ" ಅಂದಳು. ಇನ್ನೂ ಏನೋ ಹೇಳಲು ಹೋಗಿ ಕೆಮ್ಮು ಹಿಡಿಯಿತು. ಬಿಡಲೇ ಇಲ್ಲ. ಅಲ್ಲೇ ಕೂತಳು. ಬಂದವರು ಸುಮ್ಮನೆ ಒಬ್ಬೊಬ್ಬರೇ ಚದುರಿದರು. ಜೋಸೆಫಣ್ಣ ನೀರು ತಂದುಕೊಟ್ಟ.

ಮನೆಯೊಳಗೆ ಹೋದ ಮೇಲೆ ಗವಿರಂಗ ಬೈಗುಳಕ್ಕೆ ಕಾದು ನಿಂತ. ಅವತ್ತು ಬೈಗುಳ ಸಣ್ಣದಾಗಿತ್ತು. ಅವಳಲ್ಲಿ ಉಸಿರಿರಲಿಲ್ಲ.

"ಹೊಸದು ಏನೂ ಮಾಡ್ಬೇಡ ಮಗ. ಯೋಚ್ನೆ ಅಂತೂ ಮಾಡ್ಲೇಬೇಡ. ಈ ಬೂದಿ ಬಣ್ಣದ ಟೈಲ್ಸ್ ನೋಡು, ಇದೊಂದೇ ಸಾಕು, ಎಲ್ಲಕ್ಕೂ ಒಪ್ಪತ್ತೆ. ಕಿಟಕಿ ಪಕ್ಕ ಇಡು. ಒಂದ್ಸಲ ಒಳ್ಳೇ ಫೋಟೊ ಬಂತು ಅಂದ್ರೆ ಅದನ್ನೇ ದಿನಾ ಹಾಕು. ತಿಳೀತಾ?"

"ತಿಳೀತು ಕಣವ್ವ. ಅದನ್ನೇ ದಿನಾ ಹಾಕ್ತೀನಿ."

ಈ ಸಲ ಒಳ್ಳೇ ಫೋಟೊನೇ ಬಂತು. ಸುಮಿತ್ರಕ್ಕನ ಮಾವಿನ ತೊಕ್ಕು. ಬೂದಿ ಬಣ್ಣದ ಮುಂದೆ ಕೆಂಪಗೆ, ಎಣ್ಣೆ ತೇಲುತ್ತಾ, ನೋಡಿದರೆ ಬಾಯಲ್ಲಿ ನೀರು. ಎರಡೇ ದಿನಕ್ಕೆ ತೊಕ್ಕು ಖಾಲಿ. ಸುಮಿತ್ರಕ್ಕ ಓಡಿ ಬಂದು ದೇವೀರಮ್ಮನ ಕೈ ಹಿಡಿದುಕೊಂಡಳು. "ನಿನ್ ಮಗ ಗೆದ್ದ ಕಣೇ!"

ಗೆದ್ದವನು ಆ ಫೋಟೊವನ್ನು ಮೂರನೇ ದಿನವೂ ಹಾಕಿದ. ನಾಲ್ಕನೇ ದಿನವೂ ಹಾಕಿದ. ಮಾವಿನ ಕಾಲ ಮುಗಿಯಿತು, ಅವನು ಹಾಕುತ್ತಲೇ ಇದ್ದ. ಹಾಕಬೇಡ ಅಂತ ಯಾರೂ ಹೇಳಿರಲಿಲ್ಲವಲ್ಲ. ಒಂದು ದಿನ ಎಲ್ಲಿಂದಲೋ ಎರಡು ಬಸ್ಸು ಬದಲಿಸಿ ಒಬ್ಬ ಮುದುಕ ಬಂದ. ಕೈಯಲ್ಲಿ ತೊಳೆದು ಒಣಗಿಸಿದ ಖಾಲಿ ಸೀಸೆ.

"ಮಗಳು ಬಸುರಿ. ಬಾಯಿಗೆ ಏನೂ ಸೇರ್ತಿಲ್ಲ. ಈ ಫೋಟೊ ನೋಡಿ, ಇದು ಬೇಕು ಅಪ್ಪ ಅಂದ್ಲು" ಅಂದ.

ತೊಕ್ಕು ಎಲ್ಲಿದೆ? ಸುಮಿತ್ರಕ್ಕ ಭರಣಿ ಕೆರೆದಳು, ಚಮಚದಷ್ಟೂ ಸಿಗಲಿಲ್ಲ. ಮುದುಕ ಖಾಲಿ ಸೀಸೆಯನ್ನು ಟವೆಲ್ಲಿನಲ್ಲಿ ಮತ್ತೆ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ.

ದೇವೀರಮ್ಮ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದಳು. ವಿಷಯ ಕೇಳಿ ಗೋಡೆ ಹಿಡಿದು ಎದ್ದು ಕೂತಳು.

"ಪಾಪಿ! ಬಸುರಿ ಹೆಂಗಸಿನ ಆಸೆ ಅದು! ಇಲ್ಲದ್ದನ್ನ ಇದೆ ಅಂತ ತೋರ್ಸೋದು ಮೋಸ ಕಣೋ. ಅಷ್ಟು ದೂರದಿಂದ ಬಂದೋರ ಹೊಟ್ಟೆ ಉರಿಯಲ್ವಾ? ಮಾಲು ಹೋಯ್ತು ಅಂದ್ರೆ ಫೋಟೊ ಅಳಿಸ್ಬಿಡ್ಬೇಕು, ಆ ಕ್ಷಣಕ್ಕೇ! ಖಾಲಿ ಆಗಿದ್ರೆ ಖಾಲಿ ಅಂತ್ಲೇ ತೋರ್ಸು. ತಿಳೀತಾ?"

ಗವಿರಂಗ ಅವತ್ತು ಅತ್ತ. ಮುದುಕ ಸೀಸೆ ಸುತ್ತಿಕೊಂಡದ್ದನ್ನು ಅವನೂ ನೋಡಿದ್ದ. "ತಿಳೀತು ಕಣವ್ವ. ಆ ಕ್ಷಣಕ್ಕೇ ಅಳಿಸ್ತೀನಿ" ಅಂದ. ಹಾಗೇ ಮಾಡಿದ ಕೂಡ. ಚಟ್ನಿಪುಡಿ ಮುಗಿಯಿತು, ಅಳಿಸಿದ. ಕೋಡುಬಳೆ ಮುಗಿಯಿತು, ಅಳಿಸಿದ. ಒಂದು ತಿಂಗಳು ಯಾರೂ ಬೈಯಲು ಬರಲಿಲ್ಲ. ವಿಶಾಲಾಕ್ಷಿ ಟೀಚರು ಹೊಸ ದೀಪ ಕಳಿಸಿದರು, ಅದು ಹೊಳೆಯುತ್ತಲೇ ವಾಪಸು ಹೋಯಿತು.

ಒಂದು ಮಧ್ಯಾಹ್ನ ಮಾಲು ಬಂದಿರಲಿಲ್ಲ. ಗವಿರಂಗ ಬೂದಿ ಬಣ್ಣದ ಟೈಲ್ಸ್ ಒರೆಸುತ್ತಾ ಕೂತಿದ್ದ. ಕಿಟಕಿಯಿಂದ ಬೆಳಕು ಬರುತ್ತಿತ್ತು. ದೇವೀರಮ್ಮ ತಲೆ ಬಾಚಿಕೊಂಡಳು. ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆಸಿ ಉಟ್ಟಳು, ಕುಂಕುಮ ಇಟ್ಟಳು.

"ಬಾರೋ. ಇವತ್ತು ನಾನೇ ಮಾಲು ಅಂದ್ಕೋ. ಕಲ್ತಿದ್ದೀಯೋ ಇಲ್ವೋ ನೋಡಣ."

ಅವನು ಅವಳ ಬೆನ್ನ ಹಿಂದೆ ನಾಲ್ಕು ಟೈಲ್ಸ್ ಜೋಡಿಸಿ ನಿಲ್ಲಿಸಿದ. ಒಡೆದ ಮೂಲೆಗಳು ಅವಳ ಭುಜದ ಹಿಂದೆ ಮರೆಯಾದವು. ಮಾಲಿಗೆ ಕೈ ಹಚ್ಚಲಿಲ್ಲ. ಮೇಕೆ ಬಂತು, ಓಡಿಸಿದ. "ನಗು ಅವ್ವ" ಅಂದ. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ದೇವೀರಮ್ಮ ಫೋನು ಇಸಿದುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ಆಧಾರ್ ಕಾರ್ಡಿನಲ್ಲಿ ಅವಳ ಮುಖ ಮಸಿ ಹತ್ತಿದ ಹಾಗಿತ್ತು. ಆಸ್ಪತ್ರೆ ಎಕ್ಸ್‌ರೇಯಲ್ಲಿ ಎಲುಬು ಮಾತ್ರ ಇತ್ತು. ಅರವತ್ತು ವರ್ಷಕ್ಕೆ ಅವಳು ಅವಳ ಹಾಗೆ ಕಂಡದ್ದು ಇದೊಂದರಲ್ಲೇ.

"ಬಂತು ಕಣೋ ಕಸುಬು" ಅಂದಳು. ಗವಿರಂಗನನ್ನು ಅವಳು ಬಾಯಿ ಬಿಟ್ಟು ಮೆಚ್ಚಿದ್ದು ಅವತ್ತೇ. "ಗುಂಪಿಗೆ ಹಾಕ್ಬೇಡ."

ಅವನು ಟೈಲ್ಸ್ ತೊಳೆಯಲು ಹಿತ್ತಿಲಿಗೆ ಹೋದಾಗ, ನೋಡಲು ಬಂದ ಸುಮಿತ್ರಕ್ಕನಿಗೆ ಫೋನು ತೋರಿಸಿ ಮೆಲ್ಲಗೆ ಹೇಳಿದಳು: "ನನ್ ಪಟ ಇದೇ ಅಕ್ಕಾ. ಆಮೇಲೆ ದೊಡ್ಡದು ಮಾಡ್ಸಿ ಗೋಡೆಗೆ ಹಾಕ್ಸಿ."

"ಅವನಿಗೆ ಹೇಳಿದ್ಯಾ?"

"ಹೆಂಗ್ ಹೇಳ್ಲಿ? ಹೆತ್ತೋಳ ಬಾಯಲ್ಲಿ ಆ ಮಾತು ಬರತ್ತಾ?"

ಹೇಳಿದ್ದನ್ನೆಲ್ಲ ಮಾಡುವವನಿಗೆ ಅದೊಂದನ್ನು ಹೇಳದೆ ಬಿಟ್ಟಳು.

ಎಂಟು ದಿನ ಕಳೆದು, ಅದೇ ಕಿಟಕಿ ಬೆಳಕು ಬರುವ ಹೊತ್ತಿಗೆ, ದೇವೀರಮ್ಮ ಹೋದಳು. ಬೀದಿಯ ಹೆಂಗಸರೆಲ್ಲ ಬಂದರು. ಗೌರತ್ತೆ ಬಂದಳು, ಮೆಹಬೂಬಿ ಬಂದಳು, ಟೀಚರು ಬಂದರು. ಟೈಲ್ಸ್ ಅಂಗಡಿ ಅರ್ಧ ದಿನ ಬಾಗಿಲು ಹಾಕಿತು. ಮಿಷನ್ನು ನಿಂತಿತು, ಧೂಳು ಕೂತಿತು. ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದ ಮೇಲೆ ಸುಮಿತ್ರಕ್ಕ ಗವಿರಂಗನ ಪಕ್ಕ ಕೂತಳು.

"ಅವ್ವನ ಫೋಟೊ ಕೊಡಪ್ಪ. ದೊಡ್ಡದು ಮಾಡ್ಸಿ ಹಾರ ಹಾಕಣ."

"ಇಲ್ಲ ಕಣಕ್ಕ. ಅಳಿಸ್ದೆ."

"ಏನಂದೆ?"

"ಅವ್ವ ಹೋದ್ಲಲ್ಲ, ಆ ಕ್ಷಣಕ್ಕೇ ಅಳಿಸ್ದೆ. ಇಲ್ಲದ್ದನ್ನ ಇದೆ ಅಂತ ತೋರ್ಸೋದು ಮೋಸ. ದೂರದಿಂದ ಬಂದೋರ ಹೊಟ್ಟೆ ಉರಿಯತ್ತೆ."

ಗವಿರಂಗ ಒಬ್ಬೊಬ್ಬರ ಮುಖವನ್ನೇ ನೋಡಿದ. ಏನೋ ತಪ್ಪಾಗಿದೆ ಅಂತ ಅವನಿಗೂ ಗೊತ್ತಾಯಿತು. ತಪ್ಪಾದರೆ ಬೈಗುಳ ಬರಬೇಕು, ಬೈಗುಳದ ಹಿಂದೆ ಬುದ್ಧಿಮಾತು ಬರಬೇಕು. ಅವನು ಕಾದ. ಬೈಯುವವಳು ಇರಲಿಲ್ಲ. ಬೀದಿಯ ಹೆಂಗಸರಿಗೆ ಅಳು ಬಂತೇ ಹೊರತು ಬೈಗುಳ ಬರಲಿಲ್ಲ.

ಅವ್ವ ಹೇಳಿದ್ದರಲ್ಲಿ ಇನ್ನೊಂದು ಬಾಕಿ ಇತ್ತು. ಅವನು ಎದ್ದು ಹೋಗಿ ಬೂದಿ ಬಣ್ಣದ ನಾಲ್ಕು ಟೈಲ್ಸನ್ನು ಕಿಟಕಿ ಪಕ್ಕ ಜೋಡಿಸಿದ. ಅವಳು ಕೂತಿದ್ದಷ್ಟು ಜಾಗ ಮುಂದೆ ಬಿಟ್ಟ. ಫೋಟೊ ತೆಗೆದ. ಭುಜ ಮರೆಮಾಡಿದ್ದ ಒಡೆದ ಮೂಲೆಗಳು ಈಗ ಚೆನ್ನಾಗಿ ಕಾಣುತ್ತಿದ್ದವು. ಗುಂಪಿಗೆ ಹಾಕಿದ.

ಫೋನು ಬಂತು. ಎಲ್ಲಿಯದೋ ದೂರದ ಊರಿನ ಹೆಂಗಸು.

"ಈ ಟೈಲ್ಸ್ ಚೆನ್ನಾಗಿದೆ ಕಣಪ್ಪ. ಮಾರೋದಾ?"

"ಟೈಲ್ಸ್ ಮಾರೋದಲ್ಲ ಅಕ್ಕಾ. ಮುಂದಿರೋದು."

"ಮುಂದೆ ಏನೂ ಇಲ್ವಲ್ಲೋ?"

"ಹೂಂ ಕಣಕ್ಕ" ಅಂದ ಗವಿರಂಗ. "ಖಾಲಿ ಆಗಿದೆ."